ತೆರೆದ ಗೇಮ್ ಲೈಸೆನ್ಸ್ ಹಿಡಿದು ರೋಲ್ ಪ್ಲೇಯಿಂಗ್ ಆ್ಯಪ್ ಕಟ್ಟುವುದು: ಕಾಸರಗೋಡಿನ ಕನ್ನಡ ಪ್ರೋಗ್ರಾಮರುಗಳಿಗೆ ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತವರಿಗೆ ಕಂಪ್ಯೂಟರ್ ಹೊಸತಲ್ಲ. ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ, ಶಾಲೆಯ ಲ್ಯಾಬಿನಲ್ಲಿ ಓಡುವುದು ಉಬುಂಟು ಮೂಲದ ಲಿನಕ್ಸ್, 2018ರಿಂದ ಲಿಟ್ಲ್ ಕೈಟ್ಸ್ ಕ್ಲಬ್ಬುಗಳಲ್ಲಿ ಮಕ್ಕಳು ಸ್ಕ್ರಾಚ್, ಪೈಥಾನ್ ಎಲ್ಲ ಮುಟ್ಟಿ ನೋಡುತ್ತಿದ್ದಾರೆ. ಇವರಲ್ಲಿ ಕೆಲವರು ಮುಂದೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಂಥ ಆಟಗಳಿಗೆ ಒಲಿಯುತ್ತಾರೆ. ನಾಲ್ಕು ಸಲ ಆಡಿದ ಮೇಲೆ ಕೈ ಸುಮ್ಮನಿರುವುದಿಲ್ಲ. ಕ್ಯಾರೆಕ್ಟರ್ ಶೀಟಿಗೆ ಒಂದು ಆ್ಯಪ್, ದಾಳ ಉರುಳಿಸಲು ಒಂದು ಬಟನ್, ರಾಕ್ಷಸರ ಪಟ್ಟಿ ಹುಡುಕಲು ಒಂದು ಪುಟ, ಹೀಗೆ ಏನಾದರೂ ಬರೆಯಬೇಕೆನಿಸುತ್ತದೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ತಾಳಮದ್ದಳೆಯಲ್ಲಿ ಪ್ರಸಂಗದ ಚೌಕಟ್ಟು ಮೊದಲೇ ಗೊತ್ತಿದ್ದು, ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನಲ್ಲ, ಇದೂ ಅಂಥದ್ದೇ. ಕಥೆಯ ಚೌಕಟ್ಟನ್ನು ಗೇಮ್ ಮಾಸ್ಟರ್ ಕೊಡುತ್ತಾರೆ, ಪಾತ್ರಗಳ ಮಾತನ್ನೂ ನಡೆಯನ್ನೂ ಆಡುವವರು ಕಟ್ಟುತ್ತಾರೆ, ಸಂಶಯ ಬಂದಲ್ಲಿ ದಾಳ ತೀರ್ಮಾನಿಸುತ್ತದೆ.

ಆ್ಯಪ್ ಬರೆಯಹೊರಟವರ ಮುಂದೆ ಮೊದಲು ನಿಲ್ಲುವುದು ಕೋಡಿನ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಬೇರೆಯವರು ಬರೆದ ನಿಯಮಪುಸ್ತಕದಿಂದ ಏನನ್ನು ತೆಗೆದುಕೊಳ್ಳಬಹುದು, ಏನನ್ನು ಮುಟ್ಟುವ ಹಾಗಿಲ್ಲ? ಪುಣ್ಯಕ್ಕೆ ಇದಕ್ಕೆ ಉತ್ತರ ಬಹುಮಟ್ಟಿಗೆ ಲಿಖಿತವಾಗಿಯೇ ಉಂಟು. ಆದರೆ ಆ ಉತ್ತರವನ್ನು ಕೊನೆಯಲ್ಲಿ ಒಂದು ಪುಟಕ್ಕೆ ಅಂಟಿಸಿದರೆ ಸಾಲದು. ನಿಮ್ಮ ಡೇಟಾದ ಪ್ರತಿಯೊಂದು ಸಾಲಿಗೂ ಅದು ಎಲ್ಲಿಂದ ಬಂತು, ಯಾವ ಲೈಸೆನ್ಸಿನಲ್ಲಿ ಬಂತು ಎಂಬುದು ಮೊದಲ ದಿನದಿಂದಲೇ ಗೊತ್ತಿರಬೇಕು. ಈ ಬರಹದ ಹೆಜ್ಜೆಗಳೆಲ್ಲ ಅದನ್ನು ಸಾಧಿಸುವುದಕ್ಕಾಗಿಯೇ.

ಹೆಜ್ಜೆ 1: ಪುಸ್ತಕವನ್ನು ಮೂರು ರಾಶಿ ಮಾಡಿ

ಯಾವುದೇ ನಿಯಮಪುಸ್ತಕ ತೆರೆದರೂ ಅದರಲ್ಲಿ ಮೂರು ಬಗೆಯ ವಸ್ತು ಬೆರೆತಿರುತ್ತದೆ.

ಒಂದು, ಆಟದ ನಡೆ. ಇಪ್ಪತ್ತು ಮುಖದ ದಾಳ ಉರುಳಿಸಿ, ಒಂದು ಅಂಕ ಕೂಡಿಸಿ, ಗುರಿಸಂಖ್ಯೆಗೆ ಹೋಲಿಸುವುದು. ಇದು ವಿಧಾನ, ಆಲೋಚನೆ. ಆಲೋಚನೆಗೆ ಕಾಪಿರೈಟ್ ಇಲ್ಲ ಎಂಬುದು ಅಮೆರಿಕದಲ್ಲಿ 1879ರ ಬೇಕರ್ ವಿರುದ್ಧ ಸೆಲ್ಡನ್ ತೀರ್ಪಿನಿಂದ ನೆಲೆನಿಂತ ತತ್ವ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಆರ್. ಜಿ. ಆನಂದ್ ವಿರುದ್ಧ ಡೀಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ಇದನ್ನೇ ಹೇಳಿತು.

ಎರಡು, ಆ ನಡೆಯನ್ನು ವಿವರಿಸಿದ ವಾಕ್ಯಗಳು, ಪಟ್ಟಿಗಳು, ಮಂತ್ರಗಳ ವಿವರಣೆ. ಇದು ಅಭಿವ್ಯಕ್ತಿ. ಇದಕ್ಕೆ ಕಾಪಿರೈಟ್ ಉಂಟು. ಭಾರತದ 1957ರ ಕಾಪಿರೈಟ್ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಡೇಟಾಬೇಸನ್ನೂ 'ಸಾಹಿತ್ಯಕೃತಿ'ಯ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಅನುವಾದದ ಹಕ್ಕೂ ಮೂಲ ಹಕ್ಕುದಾರರದ್ದೇ. "ಕನ್ನಡಕ್ಕೆ ತಂದರೆ ಅದು ನನ್ನದಾಯಿತು" ಎಂದು ಅಂದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಹಾಗಿಲ್ಲ.

ಮೂರು, ಹೆಸರುಗಳು, ಲೋಕ, ಲೋಗೋ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ಹೆಸರು ಟ್ರೇಡ್‌ಮಾರ್ಕ್. ಅದಕ್ಕೆ ಕಾಪಿರೈಟಿನ ನಿಯಮವಲ್ಲ, ನಮ್ಮಲ್ಲಿ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಅನ್ವಯ. ತೆರೆದ ಲೈಸೆನ್ಸುಗಳು ಸಾಮಾನ್ಯವಾಗಿ ಎರಡನೆಯ ರಾಶಿಯ ಬಾಗಿಲನ್ನು ತೆರೆಯುತ್ತವೆ, ಮೂರನೆಯದನ್ನು ಮುಚ್ಚಿಯೇ ಇಡುತ್ತವೆ.

ಕೋಡ್ ಮುಟ್ಟುವ ಮೊದಲು ಒಂದು ಕಾಗದದಲ್ಲಿ ಈ ಮೂರು ಕಾಲಂ ಹಾಕಿ, ನಿಮ್ಮ ಆ್ಯಪಿಗೆ ಏನೇನು ಬೇಕೋ ಎಲ್ಲವನ್ನೂ ಬರೆದು ವಿಂಗಡಿಸಿ. ಬರೀ ದಾಳ ಉರುಳಿಸುವ ಆ್ಯಪ್ ಆದರೆ ಎಲ್ಲವೂ ಮೊದಲ ಕಾಲಮ್ಮಿನಲ್ಲೇ ನಿಲ್ಲುತ್ತದೆ. ನಿಮಗೆ ಯಾವ ಲೈಸೆನ್ಸೂ ಬೇಡ, ನೇರ ಐದನೆಯ ಹೆಜ್ಜೆಗೆ ಹೋಗಿ.

ಹೆಜ್ಜೆ 2: ಯಾವ ಲೈಸೆನ್ಸು?

ಇಲ್ಲಿ ಸ್ವಲ್ಪ ಚರಿತ್ರೆ ತಿಳಿದಿರುವುದು ಒಳ್ಳೆಯದು, ಯಾಕೆಂದರೆ ಈಗಿನ ಆಯ್ಕೆಗಳೆಲ್ಲ ಒಂದು ಜಗಳದ ಫಲ.

2000ನೇ ಇಸವಿಯಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಆ ಆಟದ ಮೂರನೇ ಆವೃತ್ತಿಯೊಂದಿಗೆ ಓಪನ್ ಗೇಮ್ ಲೈಸೆನ್ಸನ್ನು ತಂದಿತು. ಚುಟುಕಾಗಿ ಓಜಿಎಲ್; ಬಳಕೆಯಲ್ಲಿ ಉಳಿದದ್ದು ಅದರ 1.0ಎ ಆವೃತ್ತಿ. ಆಟದ ನಿಯಮಗಳನ್ನು ಬರೀ ಪಠ್ಯವಾಗಿ ತೆಗೆದಿಟ್ಟ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್, ಅಂದರೆ ಎಸ್‌ಆರ್‌ಡಿ, ಈ ಲೈಸೆನ್ಸಿನಡಿ ಹೊರಬಂತು. ಅದನ್ನು ನೆಚ್ಚಿ ಬೇರೆ ಕಂಪೆನಿಗಳು ಇಪ್ಪತ್ತು ವರ್ಷ ಪುಸ್ತಕ ಮಾಡಿದವು, ಸಾಫ್ಟ್‌ವೇರ್ ಮಾಡಿದವು. 2023ರ ಜನವರಿಯಲ್ಲಿ ಓಜಿಎಲ್ 1.1 ಎಂಬ ಹೊಸ ಕರಡು ಸೋರಿಹೋಯಿತು. ಹಳೆಯ ಲೈಸೆನ್ಸು ಇನ್ನು ನಡೆಯದು ಎಂಬ ಧಾಟಿ ಅದರಲ್ಲಿತ್ತು. ಹಳೆಯ ಪಠ್ಯದಲ್ಲಿ 'ಶಾಶ್ವತ' ಎಂದಿತ್ತೇ ಹೊರತು 'ಹಿಂತೆಗೆದುಕೊಳ್ಳಲಾಗದು' ಎಂದಿರಲಿಲ್ಲ. ಒಂಬತ್ತನೆಯ ಕಲಮಿನಲ್ಲಿ 'ಅಧಿಕೃತ ಆವೃತ್ತಿ' ಎಂಬ ಪದವೂ ಇತ್ತು. ವಾದ ಹುಟ್ಟಿದ್ದು ಅಲ್ಲಿ. ಆಡುವವರು ತಿರುಗಿಬಿದ್ದರು. ಅದೇ ತಿಂಗಳ 27ರಂದು ಕಂಪೆನಿ ಹಿಂದೆ ಸರಿದು, ಎಸ್‌ಆರ್‌ಡಿ 5.1 ಪೂರ್ತಿಯನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಶನ್ 4.0, ಅಂದರೆ ಸಿಸಿ ಬೈ 4.0 ಅಡಿ ಬಿಟ್ಟುಕೊಟ್ಟಿತು. ಆ ಲೈಸೆನ್ಸು ತಾನು ಹಿಂತೆಗೆದುಕೊಳ್ಳಲಾಗದ್ದು ಎಂದು ತನ್ನ ಬಾಯಿಂದಲೇ ಹೇಳುತ್ತದೆ. 2025ರಲ್ಲಿ ಎಸ್‌ಆರ್‌ಡಿ 5.2 ಕೂಡ ಅದೇ ಲೈಸೆನ್ಸಿನಲ್ಲಿ ಬಂತು.

ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಖಚಿತ: ಐದನೇ ಆವೃತ್ತಿಯ ನಿಯಮ ಬೇಕಿದ್ದರೆ ಸಿಸಿ ಬೈ 4.0 ಅಡಿಯಲ್ಲಿರುವ ಎಸ್‌ಆರ್‌ಡಿಯನ್ನೇ ತೆಗೆದುಕೊಳ್ಳಿ. ಇದರ ಷರತ್ತು ಕಡಿಮೆ. ಮೂಲವನ್ನು ಹೇಳಬೇಕು, ಲೈಸೆನ್ಸಿನ ಕೊಂಡಿ ಕೊಡಬೇಕು, ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಎನ್ನಬೇಕು, ಮುಂದಿನವರ ಹಕ್ಕಿಗೆ ತಾಂತ್ರಿಕ ಬೀಗ ಹಾಕಬಾರದು. ಮಾರಾಟ ಮಾಡಬಹುದು, ಉಚಿತವಾಗಿಯೂ ಕೊಡಬಹುದು.

ಹಾಗಾದರೆ ಓಜಿಎಲ್ ಬೇಡವೇ? ಹಳೆಯ 3.5 ಆವೃತ್ತಿಯ ಪಠ್ಯ, ಪೈಝೋ ಸಂಸ್ಥೆಯ ಪಾತ್‌ಫೈಂಡರ್ ಎಂಬ ಆಟದ ಮೊದಲ ಆವೃತ್ತಿ, ಬೇರೆ ಪ್ರಕಾಶಕರು ಎರಡು ದಶಕಗಳಲ್ಲಿ ಬರೆದ ಸಾವಿರಾರು ಪುಟಗಳು ಓಜಿಎಲ್‌ನಲ್ಲೇ ಇವೆ. ಅವು ಬೇಕಾದರೆ ಓಜಿಎಲ್‌ನ ರೀತಿಯಲ್ಲೇ ನಡೆಯಬೇಕು. ಸಾಫ್ಟ್‌ವೇರಿಗೆ ಇದು ಸಲ್ಲುತ್ತದೆಯೇ ಎಂಬ ಅನುಮಾನ ಬೇಡ. 'ವ್ಯುತ್ಪನ್ನ ವಸ್ತು' ಎಂದರೇನು ಎಂದು ವಿವರಿಸುವಾಗ ಅದು ಬೇರೆ ಕಂಪ್ಯೂಟರ್ ಭಾಷೆಗಳಿಗೆ ಮಾಡಿದ ಅನುವಾದವನ್ನೂ ಹೆಸರಿಸಿ ಸೇರಿಸಿದೆ. ಷರತ್ತುಗಳು ಮಾತ್ರ ಬಿಗಿ. ಲೈಸೆನ್ಸಿನ ಪೂರ್ಣ ಪ್ರತಿ ಆ್ಯಪ್ ಜೊತೆಗೇ ಹೋಗಬೇಕು. ಹದಿನೈದನೆಯ ಕಲಮಿನ ಕಾಪಿರೈಟ್ ಪಟ್ಟಿಗೆ ನೀವು ಬಳಸಿದ ಪ್ರತಿ ಕೃತಿಯ ಪಟ್ಟಿಯನ್ನು ಒಂದಕ್ಷರ ಬಿಡದೆ ಸೇರಿಸಿ, ಕೊನೆಗೆ ನಿಮ್ಮ ಹೆಸರು ಹಾಕಬೇಕು. ಯಾವುದು ತೆರೆದ ವಸ್ತು ಎಂದು ಸ್ಪಷ್ಟವಾಗಿ ಗುರುತಿಸಬೇಕು. 'ಪ್ರಾಡಕ್ಟ್ ಐಡೆಂಟಿಟಿ', ಅಂದರೆ ಪ್ರಕಾಶಕರು ತಮಗೇ ಕಾದಿರಿಸಿಕೊಂಡದ್ದು, ಎಂದು ಘೋಷಿಸಿದ ಹೆಸರುಗಳನ್ನು ಬಳಸಬಾರದು. ಬೇರೆಯವರ ಟ್ರೇಡ್‌ಮಾರ್ಕ್ ಎತ್ತಿ "ಇದಕ್ಕೆ ಹೊಂದುತ್ತದೆ" ಎಂದೂ ಹೇಳಬಾರದು. ಗುರುತಿಸುವ ಷರತ್ತು ಸಾಫ್ಟ್‌ವೇರಿನಲ್ಲಿ ಬಹಳ ಮುಖ್ಯ: ಕಂಪೈಲ್ ಆದ ಬೈನರಿಯೊಳಗೆ ನಿಯಮ ಹುದುಗಿ ಕೂತರೆ ಯಾರಿಗೆ ಕಾಣುತ್ತದೆ? ಪಿಸಿಜೆನ್ ಎಂಬ ಹಳೆಯ ಕ್ಯಾರೆಕ್ಟರ್ ತಯಾರಿಸುವ ಪ್ರೋಗ್ರಾಮ್ ಇದಕ್ಕೆ ಸರಳ ದಾರಿ ಹಿಡಿಯಿತು. ಅದರ ಕೋಡ್ ಎಲ್‌ಜಿಪಿಎಲ್‌ನಲ್ಲಿ. ಆಟದ ಡೇಟಾ ಪ್ರತ್ಯೇಕ ಪಠ್ಯಫೈಲುಗಳಲ್ಲಿ, ಯಾರೂ ತೆರೆದು ಓದಬಹುದಾದ ಹಾಗೆ.

ಮೂರನೆಯದು ಓಪನ್ ಆರ್‌ಪಿಜಿ ಕ್ರಿಯೇಟಿವ್, ಅಂದರೆ ಓಆರ್‌ಸಿ ಲೈಸೆನ್ಸ್. 2023ರ ಗಲಾಟೆಯ ಬೆನ್ನಿಗೇ ಪೈಝೋ ಸಂಸ್ಥೆ ಮುಂದೆ ನಿಂತು ಮಾಡಿಸಿದ್ದು. ಅದೇ ವರ್ಷ ಜೂನ್ ಕೊನೆಗೆ ಅಂತಿಮ ರೂಪ ಬಂತು. ಇದು ಆಟದ ನಡೆಯನ್ನು ತೆರೆದ ವಸ್ತು, ಲೋಕ, ಪಾತ್ರ, ಚಿತ್ರಗಳನ್ನು ಕಾದಿರಿಸಿದ ವಸ್ತು ಎಂದು ತಾನೇ ಬೇರ್ಪಡಿಸುತ್ತದೆ. ಆದರೆ ಒಂದು ವಿಷಯ ನೆನಪಿರಲಿ: ನೀವು ಆ ನಿಯಮಗಳ ಮೇಲೆ ಕಟ್ಟಿದ ಹೊಸ ನಿಯಮಗಳೂ ತಾವಾಗಿಯೇ ಓಆರ್‌ಸಿಯಲ್ಲಿ ಮುಂದಿನವರಿಗೆ ತೆರೆದುಕೊಳ್ಳುತ್ತವೆ. ನಾನು ಇದನ್ನು ದೋಷವೆಂದು ಹೇಳುವುದಿಲ್ಲ. ಪಡೆದವರು ಕೊಡಬೇಕು ಎಂಬ ನ್ಯಾಯ ಅದು. ಪಾತ್‌ಫೈಂಡರ್ ಎರಡನೆಯ ಆವೃತ್ತಿಯ 2023ರ ಪರಿಷ್ಕೃತ ಪುಸ್ತಕಗಳು ಈ ಲೈಸೆನ್ಸಿನಲ್ಲಿವೆ.

ಇನ್ನು ಸಣ್ಣ ಆಟಗಳು. ಮೊದಲ ಸಲ ಆ್ಯಪ್ ಬರೆಯುವವರಿಗೆ ಇವೇ ಉತ್ತಮ ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಡೇಟಾ ಕಡಿಮೆ, ಮುಗಿಸುವ ಸಾಧ್ಯತೆ ಹೆಚ್ಚು. ಫೇಟ್ ಕೋರ್, ಬ್ಲೇಡ್ಸ್ ಇನ್ ದ ಡಾರ್ಕ್‌ನ ನಿಯಮಪಠ್ಯಗಳು ಸಿಸಿ ಬೈ 3.0ದಲ್ಲಿವೆ. ಕೇರ್ನ್ ಎಂಬ ಪುಟ್ಟ ಆಟ ಸಿಸಿ ಬೈ ಎಸ್‌ಎ 4.0ದಲ್ಲಿದೆ, ಅದರ ಪಠ್ಯವನ್ನು ಮಾರ್ಪಡಿಸಿ ಹಂಚಿದರೆ ನಿಮ್ಮ ಪಠ್ಯವೂ ಅದೇ ಲೈಸೆನ್ಸಿನಲ್ಲಿ ಹೋಗಬೇಕು. ಹೆಸರಿನಲ್ಲಿ 'ಎನ್‌ಸಿ' ಕಂಡರೆ ವಾಣಿಜ್ಯ ಬಳಕೆ ನಿಷಿದ್ಧ ಎಂದರ್ಥ. ಆ್ಯಪಿನಲ್ಲಿ ಮುಂದೆಂದಾದರೂ ಜಾಹೀರಾತು ಹಾಕುವ ಯೋಚನೆ ಇದ್ದರೆ ಅಂಥ ಪಠ್ಯದಿಂದ ದೂರವಿರಿ.

ಹೆಜ್ಜೆ 3: ಎಸ್‌ಆರ್‌ಡಿ ಎಂದರೆ ಇಡೀ ಪುಸ್ತಕವಲ್ಲ

ಅಂಗಡಿಯಲ್ಲಿ ಸಿಗುವ ಪುಸ್ತಕದಲ್ಲಿರುವುದೆಲ್ಲ ಎಸ್‌ಆರ್‌ಡಿಯಲ್ಲಿ ಇರುವುದಿಲ್ಲ. 5.1ರಲ್ಲಿ 12 ಕ್ಲಾಸುಗಳಿವೆ (ಪಾತ್ರದ ಕಸುಬುಗಳು), ಆದರೆ ಪ್ರತಿಯೊಂದಕ್ಕೂ ಒಂದೇ ಸಬ್‌ಕ್ಲಾಸು (ಕಸುಬಿನ ಒಳಕವಲು). ಬ್ಯಾಕ್‌ಗ್ರೌಂಡ್, ಅಂದರೆ ಪಾತ್ರದ ಹಿನ್ನೆಲೆ, ಒಂದೇ, ಅಕೋಲೈಟ್. ಫೀಟ್, ಅಂದರೆ ವಿಶೇಷ ಕೌಶಲ, ಒಂದೇ, ಗ್ರ್ಯಾಪ್ಲರ್. ಪ್ರಸಿದ್ಧ ಮಾಂತ್ರಿಕರ ಹೆಸರು ಹೊತ್ತ ಮಂತ್ರಗಳಿಂದ ಆ ಹೆಸರನ್ನು ಕಳಚಿದ್ದಾರೆ: ಪುಸ್ತಕದ 'ಮೆಲ್ಫ್ಸ್ ಆ್ಯಸಿಡ್ ಆ್ಯರೋ' ಇಲ್ಲಿ ಬರೀ 'ಆ್ಯಸಿಡ್ ಆ್ಯರೋ'. ಆದ್ದರಿಂದ ಡೇಟಾ ತುಂಬುವಾಗ ಎದುರಿಗೆ ಎಸ್‌ಆರ್‌ಡಿಯ ಪಿಡಿಎಫ್ ಮಾತ್ರ ಇರಲಿ, ಪುಸ್ತಕವನ್ನು ಕಪಾಟಿನಲ್ಲಿಡಿ. ಅಭಿಮಾನಿಗಳು ಮಾಡಿದ ವಿಕಿಗಳಿಂದ ನಕಲು ಮಾಡುವುದೂ ಬೇಡ. ಅಲ್ಲಿ ತೆರೆದದ್ದೂ ಮುಚ್ಚಿದ್ದೂ ಬೆರೆತಿರುತ್ತದೆ, ಬೇರ್ಪಡಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಹೆಜ್ಜೆ 4: ಕೋಡ್ ಬೇರೆ, ನಿಯಮ ಬೇರೆ, ಲೋಕ ಬೇರೆ

ರೆಪೊಸಿಟರಿ ತೆರೆದ ಕೂಡಲೇ ನಾಲ್ಕು ಫೋಲ್ಡರ್ ಮಾಡಿ: ಕೋಡ್, ನಿಯಮ, ಲೋಕ, ಚಿತ್ರ. ಪ್ರತಿ ಫೋಲ್ಡರಿನೊಳಗೂ ಅದರದ್ದೇ ಲೈಸೆನ್ಸ್ ಫೈಲ್. ಹೊರಗಿನ ರೀಡ್‌ಮಿ ಫೈಲಿನಲ್ಲಿ ಯಾವ ಫೋಲ್ಡರಿಗೆ ಯಾವ ಲೈಸೆನ್ಸು ಎಂದು ನಾಲ್ಕೇ ಸಾಲು.

ಕೋಡಿಗೆ ಕ್ರಿಯೇಟಿವ್ ಕಾಮನ್ಸ್ ಬಳಸಬೇಡಿ. ಆ ಸಂಸ್ಥೆಯೇ ಸಾಫ್ಟ್‌ವೇರಿಗೆ ತನ್ನ ಲೈಸೆನ್ಸು ಸೂಕ್ತವಲ್ಲ ಎನ್ನುತ್ತದೆ. ಎಂಐಟಿ, ಅಪಾಚೆ 2.0, ಜಿಪಿಎಲ್ 3 ಇವುಗಳಲ್ಲಿ ಒಂದನ್ನು ಆರಿಸಿ. ಇಲ್ಲೊಂದು ತೊಡಕು ಉಂಟು. ಜಿಪಿಎಲ್ ತನ್ನ ಷರತ್ತಿನ ಮೇಲೆ ಬೇರೆ ನಿರ್ಬಂಧ ಹೇರುವುದನ್ನು ಒಪ್ಪುವುದಿಲ್ಲ, ಓಜಿಎಲ್ ನಿರ್ಬಂಧ ಹೇರುತ್ತದೆ. ಎರಡನ್ನೂ ಒಂದೇ ಫೈಲಿನಲ್ಲಿ ಕಲಸಿದರೆ ಬಿಡಿಸಲಾಗದ ಗಂಟು. ಡೇಟಾವನ್ನು ಪ್ರತ್ಯೇಕ ಫೈಲಾಗಿಟ್ಟು, ಪ್ರೋಗ್ರಾಮ್ ಓಡುವಾಗ ಓದಿಕೊಳ್ಳುವ ಹಾಗೆ ಮಾಡಿ. ಫೌಂಡ್ರಿ ಎಂಬ ವರ್ಚುವಲ್ ಟೇಬಲ್‌ಟಾಪಿಗೆ (ಇಂಥ ಆಟಗಳನ್ನು ಆನ್‌ಲೈನಿನಲ್ಲಿ ಆಡಿಸುವ ಸಾಫ್ಟ್‌ವೇರ್) ಬರೆದ ಐದನೇ ಆವೃತ್ತಿಯ ಮಾಡ್ಯೂಲನ್ನು ಗಿಟ್‌ಹಬ್‌ನಲ್ಲಿ ನೋಡಿ: ಕೋಡಿಗೆ ಎಂಐಟಿ, ಎಸ್‌ಆರ್‌ಡಿ ಪಠ್ಯಕ್ಕೆ ಸಿಸಿ ಬೈ, ಎರಡೂ ಬೇರೆ ಬೇರೆ ಬರೆದಿಟ್ಟಿದ್ದಾರೆ.

ಈಗ ಡೇಟಾದ ಒಂದು ದಾಖಲೆ ಹೇಗಿರಬೇಕೆಂದು ನೋಡೋಣ. ಎಸ್‌ಆರ್‌ಡಿ 5.1ರ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನನ್ನು ತೆಗೆದುಕೊಳ್ಳಿ. ಜೇಸನ್ ಫೈಲಿನಲ್ಲಿ ಇಂಥ ಕ್ಷೇತ್ರಗಳಿರಲಿ:

ಗುರುತು: ಎಸ್‌ಆರ್‌ಡಿ51-ಗಾಬ್ಲಿನ್
ರಕ್ಷಣಾಂಕ: 15
ಜೀವಾಂಕ: 7
ಜೀವಾಂಕದ ದಾಳ: 2ಡಿ6
ಮೂಲ: ಎಸ್‌ಆರ್‌ಡಿ 5.1
ಲೈಸೆನ್ಸ್: ಸಿಸಿ ಬೈ 4.0
ಬದಲಾವಣೆ: ಹೆಸರು, ವಿವರಣೆ ಕನ್ನಡಕ್ಕೆ ಅನುವಾದ

2ಡಿ6 ಎಂದರೆ ಆರು ಮುಖದ ಎರಡು ದಾಳ. ಕೊನೆಯ ಮೂರು ಸಾಲು ಆಟಕ್ಕೆ ಬೇಕಾಗಿಲ್ಲ, ಆದರೆ ಇಡೀ ಯೋಜನೆಯ ಬೆನ್ನೆಲುಬು ಅವೇ. ಬಿಲ್ಡ್ ಆಗುವ ಮೊದಲು ಒಂದು ಪುಟ್ಟ ಸ್ಕ್ರಿಪ್ಟ್ ಎಲ್ಲ ದಾಖಲೆಗಳನ್ನೂ ಓದಲಿ. 'ಮೂಲ' ಅಥವಾ 'ಲೈಸೆನ್ಸ್' ಖಾಲಿ ಇದ್ದರೆ, ಅನುಮತಿಸಿದ ಪಟ್ಟಿಯ ಹೊರಗಿನ ಲೈಸೆನ್ಸ್ ಬರೆದಿದ್ದರೆ, ಬಿಲ್ಡ್ ಅಲ್ಲೇ ನಿಲ್ಲಲಿ. ಗೆಳೆಯರೊಬ್ಬರು ರಾತ್ರಿ ಹನ್ನೆರಡಕ್ಕೆ ಉತ್ಸಾಹದಿಂದ ಹತ್ತು ರಾಕ್ಷಸರನ್ನು ಸೇರಿಸಿ ಕಳಿಸಿದಾಗ, ಅವು ಎಲ್ಲಿಂದ ಬಂದವು ಎಂದು ಕೇಳುವ ಮುಜುಗರದ ಕೆಲಸವನ್ನು ಸ್ಕ್ರಿಪ್ಟೇ ಮಾಡುತ್ತದೆ. ಕ್ರೆಡಿಟ್ ಪುಟವನ್ನೂ ಕೈಯಿಂದ ಬರೆಯಬೇಡಿ, ಈ ಕ್ಷೇತ್ರಗಳಿಂದಲೇ ತಯಾರಾಗಲಿ. ಆಗ ಡೇಟಾ ಬದಲಾದಂತೆ ಅದೂ ಬದಲಾಗುತ್ತದೆ.

5.1 ಮತ್ತು 5.2ರ ದಾಖಲೆಗಳನ್ನು ಒಂದೇ ಗುರುತಿನಡಿ ಬೆರೆಸಬೇಡಿ. ಎರಡಕ್ಕೂ ಮೂಲ ಹೇಳುವ ವಾಕ್ಯ ಬೇರೆ, ಒಳಗಿನ ಅಂಕಗಳೂ ಹಲವು ಕಡೆ ಬೇರೆ.

ಹೆಜ್ಜೆ 5: ದಾಳ ಮತ್ತು ಲೆಕ್ಕ

ನಿಯಮದ ಪಠ್ಯ ಎಷ್ಟೇ ಚೆನ್ನಾಗಿ ಜೋಡಿಸಿದರೂ ದಾಳ ಸರಿಯಿಲ್ಲದಿದ್ದರೆ ಆಡುವವರು ನಂಬುವುದಿಲ್ಲ. ನಂಬಿಕೆ ಹೋಗುವ ಜಾಗ ಸಾಮಾನ್ಯವಾಗಿ ಒಂದೇ. ಬ್ರೌಸರಿನ ಸುರಕ್ಷಿತ ಯಾದೃಚ್ಛಿಕ ಸಂಖ್ಯೆಯಿಂದ ಒಂದು ಬೈಟ್ ತೆಗೆದು, 20ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿ, ಇದೇ ದಾಳ ಎನ್ನುತ್ತಾರೆ. ಬೈಟಿಗೆ 256 ಬೆಲೆಗಳು. 256ರಲ್ಲಿ 20 ಹನ್ನೆರಡು ಸಲ ಹೋಗಿ 16 ಉಳಿಯುತ್ತದೆ. ಹಾಗಾಗಿ 1ರಿಂದ 16ರ ಮುಖಗಳಿಗೆ 13 ಅವಕಾಶ, 17ರಿಂದ 20ರ ಮುಖಗಳಿಗೆ 12 ಮಾತ್ರ. ಎಲ್ಲರೂ ಕಾಯುವ 20 ಬೀಳುವ ಸಂಭವ ಶೇ 5ರ ಬದಲು ಶೇ 4.69. ಪರಿಹಾರ ಸುಲಭ: ಬಂದ ಬೈಟ್ 240 ಅಥವಾ ಅದಕ್ಕಿಂತ ಹೆಚ್ಚಾದರೆ ಅದನ್ನು ಎಸೆದು ಇನ್ನೊಂದು ತೆಗೆಯಿರಿ.

ಪರೀಕ್ಷೆಗೆ 1 ಲಕ್ಷ ಸಲ ಉರುಳಿಸಿ. ಪ್ರತಿ ಮುಖವೂ 5,000ದ ಆಸುಪಾಸಿನಲ್ಲಿರಬೇಕು. ಮೇಲಿನ ದೋಷವಿದ್ದರೆ ಕೊನೆಯ ನಾಲ್ಕು ಮುಖಗಳು 4,690ರ ಹತ್ತಿರ ಕುಸಿದು ನಿಲ್ಲುತ್ತವೆ, ಕಣ್ಣಿಗೇ ಕಾಣುತ್ತದೆ.

ಇನ್ನೂ ಕೆಲವು ಅಂಕಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಎರಡು ಬಾರಿ ಉರುಳಿಸಿ ದೊಡ್ಡದನ್ನು ಹಿಡಿಯುವ 'ಅಡ್ವಾಂಟೇಜ್' ನಿಯಮದಲ್ಲಿ ಸರಾಸರಿ 13.825 ಬರಬೇಕು, 20 ಬೀಳುವ ಸಂಭವ ಶೇ 9.75. ನಾಲ್ಕು ಆರು ಮುಖದ ದಾಳ ಉರುಳಿಸಿ ಅತಿ ಸಣ್ಣದನ್ನು ಬಿಟ್ಟರೆ ಸರಾಸರಿ ಸುಮಾರು 12.24. ಫೇಟ್ ಆಟದ ದಾಳ ಕೂಡು 1, ಸೊನ್ನೆ, ಕಳೆ 1 ಈ ಮೂರನ್ನೇ ತೋರಿಸುತ್ತದೆ; ನಾಲ್ಕು ದಾಳಕ್ಕೆ 81 ಜೋಡಣೆಗಳು. ಮೊತ್ತ ಸೊನ್ನೆ ಬರುವುದು 19ರಲ್ಲಿ, ಕೂಡು 4 ಬರುವುದು ಒಂದೇ ಒಂದರಲ್ಲಿ.

ಲೆಕ್ಕದಲ್ಲಿ ಇನ್ನೊಂದು ಹೊಂಡ. ಐದನೇ ಆವೃತ್ತಿಯಲ್ಲಿ ದಾಳಕ್ಕೆ ಕೂಡಿಸುವ ಅಂಕ ಪಡೆಯಲು ಪಾತ್ರದ ಸಾಮರ್ಥ್ಯದ ಅಂಕದಿಂದ 10 ಕಳೆದು, 2ರಿಂದ ಭಾಗಿಸಿ, ಕೆಳಕ್ಕೆ ಇಳಿಸಬೇಕು. 7 ಅಂಕವಿದ್ದರೆ ಭಾಗಲಬ್ಧ ಋಣ 1.5, ಕೆಳಕ್ಕೆ ಇಳಿಸಿದರೆ ಋಣ 2. ಎಸ್‌ಆರ್‌ಡಿಯ ಪಟ್ಟಿಯೂ ಅದನ್ನೇ ಹೇಳುತ್ತದೆ. ಆದರೆ ಸಿ, ಜಾವಾದಂಥ ಭಾಷೆಗಳಲ್ಲಿ ಪೂರ್ಣಾಂಕ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಉತ್ತರ ಋಣ 1 ಬರುತ್ತದೆ. ಪೈಥಾನಿನ ಎರಡು ಓರೆಗೆರೆಯ ಭಾಗಾಕಾರ ಸರಿಯಾಗಿ ಕೆಳಕ್ಕೇ ಇಳಿಸುತ್ತದೆ. 10ಕ್ಕಿಂತ ಕಡಿಮೆಯಿರುವ ಬೆಸ ಅಂಕಗಳಲ್ಲಿ ಮಾತ್ರ ಈ ತಪ್ಪು ತಲೆಯೆತ್ತುವುದರಿಂದ, ಬಲಿಷ್ಠ ಪಾತ್ರಗಳನ್ನಷ್ಟೇ ಹಾಕಿ ಪರೀಕ್ಷಿಸಿದರೆ ಸಿಕ್ಕುವುದೇ ಇಲ್ಲ. 1, 3, 5, 7, 9 ಐದನ್ನೂ ಪರೀಕ್ಷೆಗೆ ಸೇರಿಸಿ.

ಆಡುವವರು "2ಡಿ6+3" ಎಂದು ಬರೆಯುವ ಸೂತ್ರವನ್ನು ಭಾಷೆಯ ಇವ್ಯಾಲ್ ಸೌಲಭ್ಯಕ್ಕೆ ಎಸೆದು ಉತ್ತರ ಪಡೆಯಬೇಡಿ. ಅಲ್ಲಿ ಯಾರೂ ಏನನ್ನೂ ಓಡಿಸಿಬಿಡಬಹುದು. ಎಣಿಕೆ, ದಾಳ, ಕೂಡು, ಕಳೆ ಇಷ್ಟನ್ನೇ ಗುರುತಿಸುವ ಸಣ್ಣ ಪಾರ್ಸರ್ ಬರೆಯಿರಿ, ದಾಳದ ಸಂಖ್ಯೆಗೆ 100ರಂಥ ಮಿತಿಯೊಂದನ್ನು ಹಾಕಿ.

ಹೆಜ್ಜೆ 6: ಕನ್ನಡ, ತುಳು, ಮಲಯಾಳ

ನಮ್ಮ ಜಿಲ್ಲೆಯಲ್ಲಿ ಒಂದೇ ಮೇಜಿನ ಸುತ್ತ ಮೂರು ಭಾಷೆ ಕೂರುವುದು ಮಾಮೂಲು. ಆದ್ದರಿಂದ ಪರದೆಯ ಮಾತುಗಳನ್ನು ಕೋಡಿನೊಳಗೆ ಬರೆಯದೆ ಭಾಷೆಗೊಂದು ಫೈಲ್ ಇಡಿ. ತುಳುವಿಗೂ ಅಂತರರಾಷ್ಟ್ರೀಯ ಭಾಷಾ ಸಂಕೇತ ಉಂಟು, ಟಿಸಿವೈ. ತುಳು-ತಿಗಳಾರಿ ಲಿಪಿ 2024ರ ಯೂನಿಕೋಡ್ 16ರಲ್ಲಿ ಸೇರಿದೆ. ಆದರೆ ಓದುವವರ ಅನುಕೂಲಕ್ಕೆ ಸದ್ಯ ತುಳುವನ್ನು ಕನ್ನಡ ಲಿಪಿಯಲ್ಲೇ ಕೊಡುವುದು ಮೇಲು.

ಕನ್ನಡದ ಪರದೆಯಲ್ಲಿ ಹೆಚ್ಚು ಕೆಡುವುದು ಒತ್ತಕ್ಷರ. ಸಾಲಿನ ಎತ್ತರ ಇಂಗ್ಲಿಷಿಗೆ ಹೊಂದಿಸಿದ್ದಾದರೆ ಬಟನ್ನಿನಲ್ಲಿ 'ಶಸ್ತ್ರ' ಎಂದು ಬರೆದಾಗ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ಎತ್ತರ ಕೊಡಿ. ಪಾತ್ರದ ಹೆಸರಿಗೆ "ಹತ್ತು ಅಕ್ಷರ ಮಾತ್ರ" ಎಂದು ಮಿತಿ ಹಾಕುವುದೂ ಅನ್ಯಾಯವೇ: 'ಲಕ್ಷ್ಮಿ' ನಮಗೆ ಎರಡಕ್ಷರ, ಕಂಪ್ಯೂಟರಿಗೆ ಏಳು ಸಂಕೇತ. ಎಣಿಸಿ ಕತ್ತರಿಸಿದರೆ ನಡುವೆ ಹಲಂತವಾಗಿ ನಿಲ್ಲುತ್ತದೆ. ಅಂಕಿಗಳ ಬಗ್ಗೆ ಒಂದು ಮಾತು: ಪೈಥಾನಿಗೆ '೧೨' ಕೊಟ್ಟರೆ ಹನ್ನೆರಡು ಎಂದು ಓದಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ. ಕನ್ನಡ ಅಂಕಿ ಬರೆಯುವವರು ಇದ್ದಾರೆ, ಅವರಿಗಾಗಿ ಮೊದಲೇ ಪರಿವರ್ತಿಸಿಕೊಳ್ಳಿ.

ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2, ತಿರೋ ಕನ್ನಡ ಈ ಫಾಂಟುಗಳು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಆ್ಯಪಿನೊಳಗೆ ಸೇರಿಸಿ ಹಂಚಬಹುದು, ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ಐಕಾನುಗಳಿಗೆ ಗೇಮ್ ಐಕಾನ್ಸ್ ಸಂಗ್ರಹ ಉಂಟು, ಸಿಸಿ ಬೈ 3.0, ಐಕಾನ್ ಬರೆದ ಕಲಾವಿದರ ಹೆಸರು ಹಾಕಬೇಕು.

ಎಸ್‌ಆರ್‌ಡಿ 5.1 ಅಧಿಕೃತವಾಗಿ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್‌ನಲ್ಲಿ ಬಂದಿದೆ. ಕನ್ನಡದ್ದನ್ನು ನಾವೇ ಮಾಡಬೇಕು, ಸಿಸಿ ಬೈ ಅದಕ್ಕೆ ಪೂರ್ಣ ಅನುಮತಿ ಕೊಡುತ್ತದೆ. ಯಾರಾದರೂ ಬರೀ ಮಂತ್ರಗಳ ಅಧ್ಯಾಯವನ್ನಾದರೂ ಚೆನ್ನಾಗಿ ಅನುವಾದಿಸಿ ತೆರೆದಿಟ್ಟರೆ ಮುಂದೆ ಬರುವ ಎಲ್ಲ ಕನ್ನಡ ಆ್ಯಪುಗಳಿಗೂ ಅದು ಬುನಾದಿಯಾಗುತ್ತದೆ. ಈ ಕೆಲಸ ಆಗಬೇಕೆಂದು ನನಗೆ ಬಹಳ ಆಸೆ.

ಹೆಜ್ಜೆ 7: ಲೋಕ ನಮ್ಮೂರಿನದ್ದೇ ಇರಲಿ, ಆದರೆ ಲೆಕ್ಕವಿಟ್ಟು

ಎರವಲು ನಿಯಮದ ಮೇಲೆ ಸ್ವಂತ ಲೋಕ ಕಟ್ಟುವಾಗಲೇ ಈ ಕೆಲಸದ ನಿಜವಾದ ಸುಖ. ಬೇಕಲದ ಕೋಟೆ, ಪಯಸ್ವಿನಿ ಇಳಿದು ಚಂದ್ರಗಿರಿಯಾಗುವ ದಾರಿ, ಕುಂಬಳೆಯ ಸೀಮೆ ಇವೆಲ್ಲ ಕಥೆಗೆ ಎಷ್ಟು ಬೇಕಾದರೂ ಜಾಗ ಕೊಡುತ್ತವೆ. ಊರು, ಹೊಳೆ, ಕೋಟೆಗಳ ಹೆಸರಿಗೆ ಕಾಪಿರೈಟ್ ಇಲ್ಲ.

ಸಾಹಿತ್ಯದಿಂದ ತೆಗೆದುಕೊಳ್ಳುವಾಗ ಮಾತ್ರ ಇಸವಿ ನೋಡಿ. ಭಾರತದಲ್ಲಿ ಲೇಖಕರ ಮರಣದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಕಾಪಿರೈಟ್ ನಡೆಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡರು. ಅವರ ಸಾಲುಗಳನ್ನು ಆ್ಯಪಿನಲ್ಲಿ ಹಾಕಲು 2075 ಮುಗಿಯುವವರೆಗೆ ಅನುಮತಿ ಬೇಕು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪದಗಳು ಹಳೆಯವು, ಮುಕ್ತ. ಆದರೆ ಇತ್ತೀಚಿನ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿ ಮುಕ್ತವಲ್ಲ.

ದೈವಗಳ ವಿಷಯ ಕಾನೂನಿನಿಂದ ತೀರುವುದಿಲ್ಲ. ದೈವಗಳ ಕಥೆ ಹಾಡುವ ಪಾಡ್ದನಗಳಿಗೆ ಕಾಪಿರೈಟ್ ಹಕ್ಕುದಾರ ಸಿಗದೇ ಇರಬಹುದು. ಹಾಗೆಂದು ಊರಿನವರು ಕೈಮುಗಿಯುವ ದೈವಕ್ಕೆ ಜೀವಾಂಕ ಕೊಟ್ಟು, ಕೊಲ್ಲಬಹುದಾದ ರಾಕ್ಷಸರ ಪಟ್ಟಿಗೆ ಸೇರಿಸುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಲೋಕಕ್ಕೆ ಬೇಕಾದ ಹೆದರಿಕೆಯನ್ನು ಹೊಸ ಹೆಸರಿನಲ್ಲಿ ಸೃಷ್ಟಿಸಿ. ಹೊಳೆಯ ಸುಳಿ, ಬೇಟೆಗಾರರಿಲ್ಲದ ಕಾಡು, ಪಾಳುಬಿದ್ದ ಕೊತ್ತಳ ಸಾಲದೇ?

ನಿಮ್ಮ ಲೋಕದ ಬರಹ ಸಿಸಿ ಬೈಯಲ್ಲಿ ಬಂದ ನಿಯಮದ ಜೊತೆ ಹೋದ ಮಾತ್ರಕ್ಕೆ ತೆರೆದದ್ದಾಗುವುದಿಲ್ಲ. ಅದನ್ನು ಕಾದಿರಿಸಿಕೊಳ್ಳಬಹುದು, ತೆರೆಯಲೂಬಹುದು. ಯಾವುದೆಂದು 'ಲೋಕ' ಫೋಲ್ಡರಿನ ಲೈಸೆನ್ಸ್ ಫೈಲಿನಲ್ಲಿ ಬರೆದುಬಿಡಿ. ಜೊತೆಗೆ ಬರೆದ ಗೆಳೆಯರಿದ್ದರೆ ಅವರ ಒಪ್ಪಿಗೆಯೂ ಲಿಖಿತವಾಗಿ ಬೇಕು. ಗಿಟ್‌ನಲ್ಲಿ ಕಮಿಟ್ ಮಾಡುವಾಗ ಸೈನ್-ಆಫ್ ಸಾಲು ಹಾಕಿಸಿಕೊಳ್ಳುವುದು ಇದಕ್ಕೆ ಹಗುರವಾದ ರೂಢಿ.

ಹೆಜ್ಜೆ 8: ಹೆಸರು, ಕ್ರೆಡಿಟ್, ಬಿಡುಗಡೆ

ಆ್ಯಪಿನ ಹೆಸರಲ್ಲಿ, ಐಕಾನಿನಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ಹೆಸರಾಗಲಿ ಅದರ ಚುಟುಕಾಗಲಿ ಬರಬಾರದು. ಸಿಸಿ ಬೈಯ ಎಸ್‌ಆರ್‌ಡಿ 5.1 "ಐದನೇ ಆವೃತ್ತಿಗೆ ಹೊಂದುತ್ತದೆ" ಅಥವಾ "5ಇ ಕಂಪ್ಯಾಟಿಬಲ್" ಎಂದು ಹೇಳಲು ಬಿಡುತ್ತದೆ. ಅಷ್ಟೇ ಹೇಳಿ.

ಮೂಲ ಹೇಳುವ ಇಂಗ್ಲಿಷ್ ವಾಕ್ಯವನ್ನು ಎಸ್‌ಆರ್‌ಡಿಯ ಮೊದಲ ಪುಟದಲ್ಲೇ ಕೊಟ್ಟಿದ್ದಾರೆ. ಅದನ್ನು ಇದ್ದ ಹಾಗೆಯೇ ಹಾಕಿ. ಕಂಪೆನಿಯ ಹೆಸರನ್ನು ಬೇರೆ ರೀತಿಯಲ್ಲಿ ಎತ್ತಬೇಡಿ ಎಂದೂ ಅಲ್ಲೇ ಕೇಳಿಕೊಂಡಿದ್ದಾರೆ. ಅದರ ಕೆಳಗೆ ಪ್ರತ್ಯೇಕ ಸಾಲಿನಲ್ಲಿ "ಈ ಪಠ್ಯವನ್ನು ಕನ್ನಡಕ್ಕೆ ಅನುವಾದಿಸಿ, ಕೆಲವೆಡೆ ಬದಲಾಯಿಸಲಾಗಿದೆ" ಎಂದು ಬರೆಯಿರಿ. ಈ ಪುಟ ಮುಖ್ಯ ಮೆನುವಿನಿಂದ ಒಂದೇ ಒತ್ತಿಗೆ ಸಿಗಲಿ. ಇಂಟರ್‌ನೆಟ್ ಇಲ್ಲದಾಗಲೂ ತೆರೆಯಲಿ, ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವ ಊರುಗಳಿಗೆ ಇಡೀ ಆ್ಯಪನ್ನೇ ಆಫ್‌ಲೈನ್ ಓಡುವಂತೆ ಮಾಡಿದರೆ ಇನ್ನೂ ಒಳ್ಳೆಯದು. ನಿಯಮದ ಡೇಟಾವನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡಬೇಡಿ; ಅದನ್ನು ಜೇಸನ್ ಫೈಲಾಗಿ ಇಳಿಸಿಕೊಳ್ಳುವ ಬಟನ್ ಇಡಿ. ಸಿಸಿಯ ಬೀಗ ಬೇಡವೆಂಬ ಷರತ್ತಿಗೂ ಓಜಿಎಲ್‌ನ ಗುರುತಿಸುವ ಷರತ್ತಿಗೂ ಆ ಒಂದು ಬಟನ್ ನೆರವಾಗುತ್ತದೆ.

ಆ್ಯಪಿಗೆ ದುಡ್ಡು ಇಡುವ ಯೋಚನೆ ಇದ್ದರೆ ಬಿಡುಗಡೆಗೆ ಮೊದಲು ವಕೀಲರೊಬ್ಬರಿಗೆ ಫೋಲ್ಡರುಗಳನ್ನೂ ಕ್ರೆಡಿಟ್ ಪುಟವನ್ನೂ ತೋರಿಸಿ. ಇಷ್ಟು ವಿಂಗಡಿಸಿಟ್ಟಿದ್ದರೆ ಅವರ ಕೆಲಸವೂ ಹಗುರ.

ಬಿಡುಗಡೆಯ ಮೇಲೆ ಯಾರಾದರೂ "ಇದು ನಮ್ಮದು" ಎಂದು ಬರೆದರೆ ಗಾಬರಿಯಾಗಬೇಡಿ, ಉಡಾಫೆಯನ್ನೂ ಮಾಡಬೇಡಿ. ಓಜಿಎಲ್ 1.0ಎಯಲ್ಲಿ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಲೈಸೆನ್ಸು ಉಳಿಯುತ್ತದೆ. ಸಿಸಿ ಬೈ 4.0ದಲ್ಲಿಯೂ 30 ದಿನದೊಳಗೆ ತಿದ್ದಿದರೆ ಹಕ್ಕು ತಾನಾಗಿ ಮರಳುತ್ತದೆ. ಆದರೆ 3.0 ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ, ಆದ್ದರಿಂದ ಫೇಟ್, ಬ್ಲೇಡ್ಸ್ ಬಳಸಿದವರು ಕ್ರೆಡಿಟಿನಲ್ಲಿ ಎರಡು ಪಟ್ಟು ಎಚ್ಚರ ವಹಿಸಬೇಕು. ದೂರು ಬಂದ ದಾಖಲೆಯ 'ಮೂಲ' ಕ್ಷೇತ್ರ ತೆರೆದು ನೋಡಿ. ಎಸ್‌ಆರ್‌ಡಿಯ ಪುಟ ಸಿಕ್ಕಿದರೆ ಅದನ್ನು ತೋರಿಸಿ ಸೌಜನ್ಯದಿಂದ ಉತ್ತರಿಸಿ. ಸಿಗದಿದ್ದರೆ ಆ ದಾಖಲೆಯನ್ನು ತೆಗೆದು, ಹೊಸ ಆವೃತ್ತಿಯ ಸಂಖ್ಯೆ ಕೊಟ್ಟು ಬಿಡುಗಡೆ ಮಾಡಿ, ಹಳೆಯ ಡೌನ್‌ಲೋಡನ್ನು ಇಳಿಸಿ, ಏನು ತೆಗೆದಿರಿ ಎಂದು ಬದಲಾವಣೆಗಳ ಪಟ್ಟಿಯಲ್ಲಿ ದಿನಾಂಕ ಸಹಿತ ಬರೆಯಿರಿ.